ಬಡಗಣ ದಿಬ್ಬದ ನೀಲಿ ಮೀನುಗಳು

ಕೊಚ್ಚಿ
3 ಮಾರ್ಚ್ 1998

ನನ್ನ ಇದ್ರೀಸ್,

ನಿನ್ನೆಯಿಂದ ಇದು ನಾಲ್ಕನೆಯ ಕಾಗದ. ಮೊದಲ ಮೂರನ್ನು ಹರಿದು ಹಾಕಿದೆ, ಅವುಗಳಲ್ಲಿ ನಿನ್ನ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ! ಮದುವೆಯಾಗಿ ಹತ್ತೊಂಬತ್ತು ದಿನ, ಅದರಲ್ಲಿ ಎಂಟು ದಿನ ಹಡಗು ಮತ್ತು ಹಾಸ್ಟೆಲಿನ ಪಾಲು. ಯಾವ ಹುಡುಗಿ ಹೀಗೆ ಮಾಡುತ್ತಾಳೆ ಹೇಳು? ನಾನೇ. ಏಳು ತಿಂಗಳ ತರಬೇತಿ ಮುಗಿಸಿ, ಮಳೆಗಾಲ ಕಳೆದ ಮೇಲೆ ಹಡಗಿನಿಂದ ಇಳಿಯುವಾಗ ನೀನು ಜೆಟ್ಟಿಯ ಮೇಲೆ ನಿಂತಿರಬೇಕು. ಹೊಸ ಅಂಗಿ ಹಾಕಿಕೊಂಡು. ಎರೆಮೀನಿನ ವಾಸನೆ ಇಲ್ಲದೆ. ಇರಲಿ, ಸ್ವಲ್ಪ ಇದ್ದರೂ ಪರವಾಗಿಲ್ಲ.

ವಾಸನೆ ಎಂದಾಗ ನೆನಪಾಯಿತು. ಅಮ್ಮ ಟ್ಯೂನಾ ಕುದಿಸಿ ಮಾಡಿ ಕಟ್ಟಿಕೊಟ್ಟ ರಿಹಾಕುರು ಶೀಸೆ ಪೆಟ್ಟಿಗೆಯೊಳಗೆ ಒಡೆದು, ನನ್ನ ಮದುವೆಯ ಸೀರೆಯಿಂದ ಹಿಡಿದು ಪುಸ್ತಕದವರೆಗೆ ಎಲ್ಲವೂ ಟ್ಯೂನಾ ಆಗಿವೆ. ಜೊತೆಯ ಹುಡುಗಿಯರು ಕಿಟಕಿ ತೆರೆದು ಮಲಗುತ್ತಾರೆ. ನಾನು ಮಾತ್ರ ಮೂಗು ಮುಚ್ಚದೆ, ಮನೆಯಲ್ಲೇ ಇದ್ದೇನೆ ಅಂದುಕೊಂಡು ನಿದ್ದೆ ಮಾಡುತ್ತೇನೆ.

ಇಲ್ಲಿ ಏಲಿಯಾಮ್ಮ ಮೇಡಂ ಎಂಬುವವರು ನಮಗೆ ಪಾಠ ಮಾಡುತ್ತಾರೆ. ಮೊದಲ ದಿನವೇ ಅವರು ಹೇಳಿದ್ದು ಕೇಳಿ ಕುಣಿಯುವಂತಾಯಿತು. ಟ್ಯೂನಾ ಉಳಿಯಬೇಕಾದರೆ ಟ್ಯೂನಾವನ್ನಷ್ಟೇ ಎಣಿಸುತ್ತ ಕೂತರೆ ಆಗದಂತೆ. ಹವಳ, ಹವಳದೊಳಗಿನ ಎರೆಮೀನು, ಅದನ್ನು ತಿನ್ನಲು ಬರುವ ಟ್ಯೂನಾ, ಮೇಲೆ ಹಾರುವ ಹಕ್ಕಿ, ಗಾಳದ ಕೋಲು ಹಿಡಿದ ಮನುಷ್ಯ, ಎಲ್ಲ ಒಂದೇ ಮನೆಯವರಂತೆ. ಒಬ್ಬರ ಊಟ ತಪ್ಪಿದರೆ ಇಡೀ ಮನೆಗೆ ಉಪವಾಸ. ನಾನು ಎದ್ದು ನಿಂತು, ‘ಮೇಡಂ, ನಮ್ಮ ಮಲಿಕು ದ್ವೀಪದಲ್ಲಿ ಇದನ್ನ ಈಗಾಗ್ಲೇ ಮಾಡಿದೀವಿ!’ ಎಂದೆ. ಊರಮನೆಯಲ್ಲಿ ಎಲ್ಲರ ಸಭೆಯ ಮುಂದೆ ನಾನು ಓದಿದ ಕಟ್ಟಳೆಯನ್ನು ಹಾಗೆಯೇ ಒಪ್ಪಿಸಿದೆ: ಒಳಗಡಲಿನ ಬಡಗಣ ಹವಳದ ದಿಬ್ಬಕ್ಕೆ ಹದಿನೆಂಟು ತಿಂಗಳು ಯಾರೂ, ಯಾವ ಕಾರಣಕ್ಕೂ, ಎರೆಬಲೆ ಇಳಿಸಕೂಡದು. ‘ಯಾವ ಕಾರಣಕ್ಕೂ’ ಎಂಬುದನ್ನು ಸೇರಿಸಿದ್ದು ನಾನೇ ಎಂದೂ ಹೇಳಿದೆ. ಜಂಭ ಬಂದಿದೆ ನಿನ್ನ ಹೆಂಡತಿಗೆ.

ನನ್ನ ದಿಬ್ಬ ಹೇಗಿದೆ ಬರೆ. ನನ್ನ ಗಂಡ ಹೇಗಿದ್ದಾನೆ ಅದನ್ನೂ ಬರೆ. ಮೊದಲು ಗಂಡ, ಆಮೇಲೆ ದಿಬ್ಬ.

ನಿನ್ನ, ನಿನ್ನ, ನಿನ್ನ
ಸನ್ಫಾ

*

ಮಲಿಕು
ಫಸ್‌ಬದುರುವ, ಎಂಟನೇ ದಿನ

ಸನ್ಫಾ ಮೇಡಂ ಅವರಿಗೆ,

ಗಂಡ ಚೆನ್ನಾಗಿದ್ದಾನೆ. ದಿಬ್ಬವೂ ಚೆನ್ನಾಗಿದೆ.

ಇಷ್ಟಕ್ಕೇ ನಿಲ್ಲಿಸಿದರೆ ನೀನು ಹಡಗು ಹತ್ತಿ ಬಂದು ಹೊಡೆಯುತ್ತೀ, ಅದಕ್ಕೆ ಮುಂದೆ ಬರೆಯುತ್ತೇನೆ. ನನಗೆ ನಿನ್ನಂತೆ ಬರೆಯಲು ಬರುವುದಿಲ್ಲ. ಇಡೀ ದಿನ ದೋಣಿಯ ತುದಿಯಲ್ಲಿ ನಿಂತು ಟ್ಯೂನಾ ಸೆಳೆಯಲು ಹಿಡಿ ಹಿಡಿ ಜೀವಂತ ಎರೆ ಎರಚುವವನಿಗೆ ಪೆನ್ನು ಹಿಡಿದರೆ ಬೆರಳು ನೋಯುತ್ತದೆ.

ನಮ್ಮೂರ ರೂಢಿಯಂತೆ ನಿನ್ನಮ್ಮನ ಮನೆ ಸೇರಿದ ಅಳಿಯನಿಗೆ ಉಪಚಾರ ಜೋರಾಗಿದೆ. ನಾನು ಸಾಕು ಎಂದರೆ, ‘ಏನಪ್ಪಾ, ನಮ್ಮನೆ ಅಡುಗೆ ಸೇರಲ್ವಾ?’ ಎನ್ನುತ್ತಾರೆ. ಸೇರುತ್ತದೆ ಎಂದರೆ ತಟ್ಟೆಗೆ ಮತ್ತೆರಡು ರೊಶಿ ರೊಟ್ಟಿ ಬೀಳುತ್ತವೆ. ನೀನು ಬರುವ ಹೊತ್ತಿಗೆ ನನ್ನ ಭಾರಕ್ಕೆ ದೋಣಿ ಒಂದು ಕಡೆ ವಾಲುತ್ತಿರುತ್ತದೆ.

ನಮ್ಮ ದೋಣಿಯ ತಾಂಡೇಲ ಆದಂಕಾಕಾ ದಿನಾ ಬೆಳಿಗ್ಗೆ ದೋಣಿ ಬಿಡುವಾಗ ಬಡಗಣ ದಿಬ್ಬದ ಕಡೆ ನೋಡಿ, ‘ನಿನ್ನ ಹೆಂಡ್ತಿ ಮೀನು ಇನ್ನೂ ನಿದ್ದೆ ಎದ್ದಿಲ್ವೇನೋ?’ ಎಂದು ಕೇಳುತ್ತಾರೆ. ಎಲ್ಲರೂ ನಗುತ್ತಾರೆ. ಆದರೆ ಯಾರೂ ಬಲೆ ಇಳಿಸಿಲ್ಲ. ನಾವು ತೆಂಕಣ ದಿಬ್ಬಗಳಲ್ಲೇ ಎರೆ ಹಿಡಿಯುತ್ತಿದ್ದೇವೆ. ಹೋದ ವಾರ ಟ್ಯೂನಾ ಚೆನ್ನಾಗಿ ಸಿಕ್ಕಿತು.

ನಾನು ಒಮ್ಮೆ ಬಡಗಣ ದಿಬ್ಬದಲ್ಲಿ ಮುಳುಗಿ ನೋಡಿದೆ. ನೀನು ಹೇಳಿದ ಹಾಗೆ ನೀಲಮೆಹಿಗಳನ್ನು, ಅದೇ ನಮ್ಮ ನೀಲಿ ಎರೆಮೀನುಗಳನ್ನು, ಎಣಿಸಲು ಹೊರಟು ಇನ್ನೂರಕ್ಕೆ ಸೋತೆ. ಹೆಬ್ಬೆರಳುದ್ದದ ಮೀನು, ಒಂದೂ ಒಂದು ಕಡೆ ನಿಲ್ಲುವುದಿಲ್ಲ. ಕವಲು ಹವಳದೊಳಗಿಂದ ಎಲ್ಲವೂ ಒಟ್ಟಿಗೆ ಬಂದು, ನನ್ನನ್ನು ನೋಡಿ, ಒಟ್ಟಿಗೆ ಒಳಗೆ ಹೋದವು. ಬಾಗಿಲು ಹಾಕಿಕೊಂಡ ಹಾಗೆ.

ಇದ್ರೀಸ್

*

ಕೊಚ್ಚಿ
6 ಏಪ್ರಿಲ್ 1998

ಇದ್ರೀಸ್, ಇದ್ರೀಸ್!

ಇಂಗ್ಲಿಷ್ ತಾರೀಖು ಹಾಕುವುದನ್ನು ಕಲಿ ಮಾರಾಯ. ‘ಫಸ್‌ಬದುರುವ’ ಎಂದರೆ ಯಾವ ದಿನ ಎಂದು ಲೆಕ್ಕ ಹಾಕಲು ಅರ್ಧ ಗಂಟೆ ಬೇಕಾಯಿತು. ಕಾನ್ವೆಂಟಿನಲ್ಲಿ ನನಗೆ ಜನವರಿ ಫೆಬ್ರವರಿ ಕಲಿಸಿದರೇ ಹೊರತು ನಮ್ಮ ನಕ್ಷತ್ರಗಳನ್ನು ಕಲಿಸಲಿಲ್ಲ. ಆದರೂ ಆ ಪದಕ್ಕೆ ಮುತ್ತು ಕೊಟ್ಟಿದ್ದೇನೆ, ನೀನು ಬರೆದದ್ದು ಎಂದು.

ಬಾಗಿಲು ಹಾಕಿಕೊಂಡ ಹಾಗೆ! ಎಷ್ಟು ಚೆನ್ನಾಗಿ ಬರೆಯುತ್ತೀಯ! ಕಾಗದವನ್ನು ಮಡಿಸಿ ಮಡಿಸಿ ಆಗಲೇ ಮಡಿಕೆಯಲ್ಲಿ ಹರಿದಿದೆ. ಇನ್ನೂ ಬರೆ. ನೀರಿನ ಬಣ್ಣ ಬರೆ, ಹಕ್ಕಿ ಬರೆ, ಅಮ್ಮ ಬೈದದ್ದನ್ನೂ ಬರೆ. ಇಲ್ಲಿ ನಾನು ಇಡೀ ದಿನ ಸತ್ತ ಮೀನಿನ ಹೊಟ್ಟೆ ಸೀಳಿ, ಅದು ಏನು ತಿಂದಿತ್ತು ಎಂದು ಪಟ್ಟಿ ಮಾಡುತ್ತೇನೆ. ಜೀವ ಇರುವ ಸುದ್ದಿ ನನಗೆ ನಿನ್ನಿಂದ ಮಾತ್ರ.

ಸನ್ಫಾ

*

ಮಲಿಕು
ಬುರುಣು, ಮೂರನೇ ದಿನ (ಏಪ್ರಿಲ್ 24, ಅಂಚೆ ಕಚೇರಿಯ ಗೋಡೆ ನೋಡಿ ಬರೆದೆ)

ಸನ್ಫಾ,

ನೀರಿನ ಬಣ್ಣ ಬರೆ ಎಂದಿದ್ದೆ. ಬರೆಯುತ್ತೇನೆ.

ಒಳಗಡಲು ಹತ್ತು ದಿನದಿಂದ ಗಾಜಿನಂತಿದೆ. ಗಾಳಿ ಇಲ್ಲ, ಅಲೆ ಇಲ್ಲ. ಇಳಿದರೆ ಬಾಣಂತಿಗೆ ಕಾಯಿಸಿದ ನೀರಿನಂತೆ ಬೆಚ್ಚಗಿದೆ. ಕೆಳಗೆ ಹವಳವೆಲ್ಲ ಬೆಳ್ಳಗಾಗಿದೆ. ನಮ್ಮ ಮದುವೆಗೆ ಅಂಗಳದ ತುಂಬ ಬಿಳಿ ಬಟ್ಟೆ ಕಟ್ಟಿದ್ದರಲ್ಲ, ಹಾಗೆ. ಕೆಲವು ಕಡೆ ತಿಳಿ ನೇರಳೆ, ತಿಳಿ ಹಳದಿ, ಒಳಗೆ ದೀಪ ಇಟ್ಟ ಹಾಗೆ. ಇಷ್ಟು ಚಂದ ನಾನು ಯಾವತ್ತೂ ನೋಡಿರಲಿಲ್ಲ. ಆದಂಕಾಕಾ ಅರವತ್ತು ವರ್ಷದಲ್ಲಿ ನೋಡಿಲ್ಲವಂತೆ. ಅವರು ಚಂದ ಎನ್ನಲಿಲ್ಲ. ಎರೆಬಲೆಯನ್ನು ಮಡಿಸಿ ದೋಣಿಯೊಳಗೆ ಇಟ್ಟುಬಿಟ್ಟರು.

ಬಿಳಿ ಹವಳದ ಮೇಲೆ ನೀಲಮೆಹಿಗಳು ಎದ್ದು ಕಾಣುತ್ತವೆ. ಮುಂಚಿನಂತೆ ಒಳಗೆ ಓಡುವುದಿಲ್ಲ. ನಾನು ಹತ್ತಿರ ಹೋದರೂ ಹಾಗೇ ನಿಲ್ಲುತ್ತವೆ.

ಹಿಡಿದ ಎರೆ ಬುಟ್ಟಿಯಲ್ಲಿ ಒಂದು ಗಂಟೆ ಬಾಳುತ್ತಿಲ್ಲ. ದೋಣಿ ಹೊರಗಡಲಿಗೆ ಹೋಗದೆ ಐದು ದಿನವಾಯಿತು. ನೀನು ಹೆದರಬೇಡ. ರಜೆ ಎಂದುಕೊಂಡಿದ್ದೇವೆ.

ಇದ್ರೀಸ್

*

ಕೊಚ್ಚಿ
4 ಮೇ 1998

ನನ್ನ ಕವಿಗೆ,

ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಇದನ್ನೆಲ್ಲ? ಒಳಗೆ ದೀಪ ಇಟ್ಟ ಹಾಗೆ! ನಮ್ಮ ಮದುವೆಯ ಬಿಳಿ ಬಟ್ಟೆ! ನಾನು ಅಷ್ಟಕ್ಕೇ ತಡೆಯಲಾರದೆ, ಚಹಾದ ಹೊತ್ತಿನಲ್ಲಿ ಎಲ್ಲರ ಮುಂದೆ ಓದಿಬಿಟ್ಟೆ. (ಬೇರೆ ಭಾಗಗಳನ್ನಲ್ಲ, ನಾಚಿಕೊಳ್ಳಬೇಡ.) ಹುಡುಗಿಯರು ‘ಅಯ್ಯೋ, ಇಂಥ ಗಂಡ ನಮಗೂ ಸಿಗಬಾರ್ದಾ!’ ಎಂದು ಕೂಗಿದರು. ಏಲಿಯಾಮ್ಮ ಮೇಡಂ ಮಾತ್ರ ‘ಇನ್ನೊಂದ್ಸಲ ಓದು’ ಎಂದರು. ಓದಿದೆ. ‘ಎಷ್ಟು ದಿನದಿಂದ ಬಿಳಿ?’ ಎಂದರು. ಗೊತ್ತಿಲ್ಲ ಎಂದೆ. ಚಹಾ ಅಲ್ಲೇ ಬಿಟ್ಟು ಎದ್ದುಹೋದರು. ಮದುವೆಯಾಗದವರು ಪಾಪ, ಬೇಜಾರಾಯಿತೇನೋ ಎಂದು ನಾನು ನೊಂದುಕೊಂಡೆ.

ಅದಲ್ಲ ಎಂದು ಮರುದಿನ ತಿಳಿಯಿತು. ನೀರು ಬಿಸಿಯಾದರೆ ಹವಳಕ್ಕೆ ಬರುವ ಕಾಯಿಲೆಯಂತೆ ಅದು. ತೆಂಕಣದ ದ್ವೀಪಗಳಿಂದಲೂ ಇದೇ ಸುದ್ದಿ ಬರುತ್ತಿದೆಯಂತೆ. ಆದರೆ ಗಾಬರಿ ಬೇಡ, ನೀರು ತಣಿದರೆ ಹವಳ ಚೇತರಿಸಿಕೊಳ್ಳಲೂಬಹುದು. ಮನುಷ್ಯರ ಕೈಕಾಲು ತಾಗದ ಕಡೆ ಮೊದಲು ಚೇತರಿಸಿಕೊಳ್ಳುತ್ತದಂತೆ. ನೋಡಿದೆಯಾ? ನಮ್ಮ ಬಡಗಣ ದಿಬ್ಬವೇ ಮೊದಲು! ಅದಕ್ಕೇ ಹೇಳುತ್ತೇನೆ, ಈಗಂತೂ ಅಲ್ಲಿಗೆ ಒಂದು ಬೆರಳೂ ತಾಗಬಾರದು. ಎಲ್ಲರ ಮೇಲೂ ಕಣ್ಣಿಡು. ನೀನಿರುವಾಗ ನನಗೇನು ಚಿಂತೆ?

ಸನ್ಫಾ

*

ಮಲಿಕು
10 ಮೇ

ಸನ್ಫಾ,

ನಿನ್ನ ಕಾಗದ ಇವತ್ತು ಬಂತು. ಇದೇ ಹಡಗು ಸಂಜೆ ವಾಪಸು ಹೊರಡುತ್ತದೆ, ಹೆಚ್ಚು ಬರೆಯಲು ಹೊತ್ತಿಲ್ಲ.

ಒಂದು ಬೆರಳೂ ತಾಗಬಾರದು ಎಂದು ಬರೆದಿದ್ದೀ. ಇದು ಹತ್ತು ದಿನ ಮೊದಲು ಬಂದಿದ್ದರೆ ಚೆನ್ನಾಗಿತ್ತು.

ಒಂದು ವಿಷಯ ಇದೆ. ಕಾಗದದಲ್ಲಿ ಬೇಡ, ನೀನು ಬಂದಾಗ ಕರೆದುಕೊಂಡು ಹೋಗಿ ತೋರಿಸುತ್ತೇನೆ.

ಇದ್ರೀಸ್

*

ಕೊಚ್ಚಿ
17 ಮೇ 1998

ಇದ್ರೀಸ್,

ಮಳೆಗಾಲಕ್ಕೆ ಮುಂಚಿನ ಕೊನೆಯ ಹಡಗು ನಾಳೆ, ಅದಕ್ಕೆ ಓಡೋಡಿ ಬರೆಯುತ್ತಿದ್ದೇನೆ. ನಿನ್ನ ಗುಟ್ಟು ಏನೆಂದು ನನಗೆ ಗೊತ್ತು! ಹಿತ್ತಲಲ್ಲಿ ನಮಗೆ ಕೋಣೆ ಕಟ್ಟಿಸುತ್ತಿದ್ದೀಯ. ಹೌದೋ ಅಲ್ಲವೋ? ಕಿಟಕಿ ಕಡಲಿನ ಕಡೆಗಿರಲಿ.

ಆದರೆ ಇವತ್ತು ಆ ಖುಷಿಯನ್ನೂ ಪೂರ್ತಿ ಅನುಭವಿಸಲು ಆಗುತ್ತಿಲ್ಲ. ಅಮ್ಮನ ಕಾಗದ ಓದಿ ಮೈಯೆಲ್ಲ ಉರಿಯುತ್ತಿದೆ. ನೀನೇಕೆ ಬರೆಯಲಿಲ್ಲ? ನನಗೆ ನೋವಾಗುತ್ತದೆ ಎಂದು ತಾನೆ? ಯಾರೋ ಬೆಳಗಿನ ನಮಾಜಿನ ಹೊತ್ತಿಗೆ ಚಿಕ್ಕ ದೋಣಿಯಲ್ಲಿ ಬಡಗಣ ದಿಬ್ಬಕ್ಕೆ ಹೋಗಿ ಬಲೆ ಹಾಕಿದ್ದಾರಂತೆ. ಒಂದು ದಿನವಲ್ಲ, ನಾಲ್ಕೈದು ದಿನ. ಹವಳದ ಕವಲುಗಳು ಮುರಿದು ಬಿದ್ದಿವೆಯಂತೆ. ಎರೆಬುಟ್ಟಿ ಎಳೆದುಕೊಂಡು ಹೋಗುವುದನ್ನು ದೂರದಿಂದ ನೋಡಿದವರಿದ್ದಾರೆ, ಮುಖ ಕಂಡಿಲ್ಲ. ಊರೆಲ್ಲ ಎರೆ ಇಲ್ಲದೆ ಕೈಕಟ್ಟಿ ಕುಳಿತಿರುವಾಗ ಒಬ್ಬನಿಗೆ ಮಾತ್ರ ಟ್ಯೂನಾ ಬೇಕಾಯಿತಲ್ಲ! ರೋಗಿಯ ಬಾಯಿಂದ ತುತ್ತು ಕಿತ್ತುಕೊಂಡ ಹಾಗೆ.

ನಾನು ಬಿಡುವುದಿಲ್ಲ. ಊರ ಮುಖ್ಯಸ್ಥ ಬೊಡುಕಾಕಾ ಅವರಿಗೆ ಈಗಲೇ ಕಾಗದ ಬರೆದು ಇದೇ ಚೀಲಕ್ಕೆ ಹಾಕುತ್ತಿದ್ದೇನೆ. ಊರಮನೆಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿ ಎಂದು ಕೇಳಿದ್ದೇನೆ. ಕೊನೆಯ ಸಾಲು ಕೇಳು, ನನಗೇ ಮೆಚ್ಚುಗೆಯಾಯಿತು: ‘ಕಳ್ಳ ಯಾರೇ ಇರಲಿ, ಊರಿನ ಯಾವ ದೋಣಿಯಲ್ಲೂ ಅವನಿಗೆ ಜಾಗ ಕೊಡಬೇಡಿ. ಅವನು ನನ್ನ ಕೈಹಿಡಿದ ಗಂಡನೇ ಆಗಿದ್ದರೂ ನಾನು ಇದೇ ಮಾತು ಹೇಳುತ್ತಿದ್ದೆ.’

ನಗು ಬಂತಾ? ಆ ಹೊತ್ತಿಗೆ ನೀನು ಅಲ್ಲೇ ಕುಳಿತಿರುತ್ತೀ, ಎಲ್ಲರೂ ನಿನ್ನ ಕಡೆ ತಿರುಗುತ್ತಾರೆ, ನಿನ್ನ ಕಿವಿ ಕೆಂಪಾಗುತ್ತದೆ. ಅದನ್ನು ನೆನೆದೇ ಬರೆದೆ.

ಇನ್ನು ಸೆಪ್ಟೆಂಬರಿನವರೆಗೆ ಕಾಗದವಿಲ್ಲ. ಹೇಗಿರಲಿ ನಾನು?

ನಿನ್ನ ಸನ್ಫಾ

*

ಮುಂಬೈ, ನಮ್ಮೂರ ನಾವಿಕರ ಕೋಣೆ
5 ಸೆಪ್ಟೆಂಬರ್ 1998

ಸನ್ಫಾ,

ಜಾಗದ ಹೆಸರು ನೋಡಿ ಗಾಬರಿಯಾಗಬೇಡ. ಆರೋಗ್ಯವಾಗಿದ್ದೇನೆ.

ನಿನ್ನ ಕಾಗದವನ್ನು ಶುಕ್ರವಾರ ನಮಾಜಾದ ಮೇಲೆ ಊರಮನೆಯಲ್ಲಿ ಮಾಸ್ತರರು ಓದಿದರು. ಚೆನ್ನಾಗಿ ಓದಿದರು. ಕೊನೆಯ ಸಾಲು ಬಂದಾಗ ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು, ನೀನು ಅಂದುಕೊಂಡ ಹಾಗೆಯೇ. ನಾನು ಎದ್ದು ನಿಂತೆ. ‘ನಾನೇ’ ಎಂದೆ. ಇನ್ನೂ ನಗುತ್ತಲೇ ಇದ್ದರು. ಎರಡನೇ ಸಲ ಹೇಳಬೇಕಾಯಿತು.

ಬೊಡುಕಾಕಾ, ‘ಯಾಕಪ್ಪಾ?’ ಎಂದರು. ಹೇಳಿದೆ. ನಿನಗೂ ಹೇಳುತ್ತೇನೆ.

ಬಿಳಿಯಾದ ಹತ್ತು ಹನ್ನೆರಡು ದಿನಕ್ಕೆ ಬಡಗಣ ದಿಬ್ಬದಲ್ಲಿ ಹವಳದ ಮೇಲೆ ಪಾಚಿ ಕೂರಲು ಶುರುವಾಯಿತು. ನೀಲಮೆಹಿಗಳು ದಿನದಿನಕ್ಕೆ ಕಡಿಮೆಯಾಗುತ್ತಿದ್ದವು. ಆದರೆ ದಿಬ್ಬದ ಬಾಯಲ್ಲಿ, ಹೊರಗಡಲಿನ ನೀರು ಒಳಗೆ ನುಗ್ಗುವ ಕಡೆ, ಆಳದಲ್ಲಿ ನೀರು ತಣ್ಣಗಿತ್ತು. ಹವಳಕ್ಕೆ ಇನ್ನೂ ಕಂದು ಬಣ್ಣ ಇತ್ತು. ಎರೆಯನ್ನು ಜೀವಂತ ಸಾಗಿಸುವುದು ಬಿಟ್ಟು ನನಗೆ ಬೇರೆ ಯಾವ ಕೆಲಸ ಬರುತ್ತದೆ? ಹಿಡಿದು, ಬುಟ್ಟಿಗೆ ತುಂಬಿ, ನೀರಲ್ಲೇ ಮೆಲ್ಲಗೆ ಎಳೆದುಕೊಂಡು ಹೋಗಿ ಬಾಯಲ್ಲಿ ಬಿಟ್ಟೆ. ಐದು ಬೆಳಗು. ಕವಲೊಳಗಿನ ಮೀನು ಹೊರಬರಲು ಕೋಲಿನಿಂದ ತಟ್ಟಬೇಕಾಗುತ್ತದೆ, ಕೆಲವು ಮುರಿದವು. ಅದು ನಿಜ.

ನಾನು ಇದನ್ನು ಹೇಳಿ ಮುಗಿಸಿದಾಗ ಹಿಂದಿನಿಂದ ಯಾರೋ, ‘ಮೀನಿಗೆ ಮನೆ ಬದಲಾಯಿಸಿ ಕೊಟ್ಟನಂತೆ! ಸಾಮಾನೂ ಹೊತ್ತೇನೋ?’ ಎಂದರು. ‘ಎಲ್ಲಿ, ತೋರಿಸು ನಡಿ’ ಎಂದರು ಇನ್ನೊಬ್ಬರು. ಮಳೆಗಾಳಿಯ ಕಾಲ, ದಿಬ್ಬದ ಬಾಯಲ್ಲಿ ತೆಂಗಿನ ಮರದೆತ್ತರ ಅಲೆ. ಎಲ್ಲಿಂದ ತೋರಿಸಲಿ? ಬೊಡುಕಾಕಾ ಮಾತ್ರ ನಗಲಿಲ್ಲ. ‘ನಂಬ್ತೀನಿ ಮಗನೇ. ಆದ್ರೆ ಯಾವ ಕಾರಣಕ್ಕೂ ಅಂತ ಬರೆದಿದೆಯಲ್ಲ. ನಿನ್ನ ಕಾರಣ ಒಳ್ಳೇದು ಅಂತ ಬಿಟ್ರೆ, ನಾಳೆ ಎಲ್ಲರೂ ಒಂದೊಂದು ಒಳ್ಳೇ ಕಾರಣ ತರ್ತಾರೆ’ ಎಂದರು. ಅವರು ಹೇಳಿದ್ದು ತಪ್ಪಲ್ಲ. ಒಂದು ವರ್ಷ ಊರಿನ ಯಾವ ದೋಣಿಯಲ್ಲೂ ಜಾಗವಿಲ್ಲ ಎಂದಾಯಿತು.

ನಿನ್ನಮ್ಮ ತಟ್ಟೆಯನ್ನು ಮುಂಚಿನಂತೆ ಹತ್ತಿರ ಬಂದು ಇಡುತ್ತಿರಲಿಲ್ಲ, ದೂರದಿಂದ ತಳ್ಳುತ್ತಿದ್ದರು. ಹೆಂಡತಿ ಇಲ್ಲದ ಮನೆಯಲ್ಲಿ, ಕೆಲಸವಿಲ್ಲದೆ, ಮೂರು ಹೊತ್ತು ಆ ತಟ್ಟೆಯ ಮುಂದೆ ಕೂರುವುದು ನನ್ನಿಂದಾಗಲಿಲ್ಲ. ಮೊದಲ ಹಡಗಿಗೇ ಹೊರಟು, ಕೊಚ್ಚಿಯಲ್ಲಿ ನಿನ್ನ ಮುಂದೆ ಬಂದು ನಿಲ್ಲಲಾರದೆ, ನೇರ ಇಲ್ಲಿಗೆ ಬಂದೆ. ಸರಕು ಹಡಗಿನಲ್ಲಿ ಕೆಲಸ ಸಿಕ್ಕಿದೆ, ಹದಿನಾಲ್ಕು ತಿಂಗಳು. ನಾಡಿದ್ದು ಹೊರಡುತ್ತದೆ. ಆಮೇಲೆ ಏನು ಎಂದು ಯೋಚಿಸಿಲ್ಲ.

ನೀನು ತಮಾಷೆಗೆ ಬರೆದದ್ದು ಎಂದು ನನಗೆ ಗೊತ್ತು. ದಿನಾ ಹಾಗೆಂದೇ ಹೇಳಿಕೊಳ್ಳುತ್ತೇನೆ. ಆದರೆ ಮಾಸ್ತರರು ಓದಿದ ದನಿಯಲ್ಲೇ ಆ ಸಾಲು ನನಗೆ ಕೇಳಿಸುತ್ತದೆ, ನಿನ್ನ ದನಿಯಲ್ಲಿ ಕೇಳಿಸಿಕೊಳ್ಳಲು ಎಷ್ಟು ಪ್ರಯತ್ನಿಸಿದರೂ ಆಗುತ್ತಿಲ್ಲ.

ಒಂದೇ ಒಂದು ಕೆಲಸ ಮಾಡು. ಊರಿಗೆ ಹೋದಾಗ ದಿಬ್ಬದ ಬಾಯಲ್ಲಿ, ಎಡಗಡೆ ಬಂಡೆ ಚಾಚಿಕೊಂಡಿದೆಯಲ್ಲ, ಅದರ ಕೆಳಗೆ ಮುಳುಗಿ ನೋಡು. ಕೊನೆಯ ಬುಟ್ಟಿ ಬಿಟ್ಟ ಮರುದಿನವೇ ಗಾಳಿ ಎದ್ದಿತು, ಅವು ಬದುಕಿದವೋ ಇಲ್ಲವೋ ನನಗೆ ನೋಡಲಾಗಲಿಲ್ಲ. ಇದ್ದರೆ ಇವೆ ಎಂದು ಬರೆ. ಇಲ್ಲದಿದ್ದರೆ ನಾನು ನಿನ್ನ ದಿಬ್ಬವನ್ನು ಮುರಿದವನು ಮಾತ್ರ. ಅದನ್ನೂ ಮುಚ್ಚಿಡದೆ ಬರೆ. ಹಡಗಿನ ವಿಳಾಸ ಹಿಂದೆ ಇದೆ.

ಇದ್ರೀಸ್

*

ಮಲಿಕು
11 ಅಕ್ಟೋಬರ್ 1998

ಮಾನ್ಯ ಏಲಿಯಾಮ್ಮ ಮೇಡಂ,

ನೀವು ಕೇಳಿದ ಎಣಿಕೆ ಇಲ್ಲಿದೆ. ಬಡಗಣ ದಿಬ್ಬ: ಹತ್ತರಲ್ಲಿ ಒಂಬತ್ತು ಪಾಲು ಹವಳ ಸತ್ತಿದೆ. ಅದರಲ್ಲಿ ಕೋಲು ತಾಗಿ ಮುರಿದದ್ದು ಯಾವುದು, ತಾನಾಗಿ ಉದುರಿದ್ದು ಯಾವುದು ಎಂದು ಈಗ ಬೇರೆ ಮಾಡಿ ಹೇಳಲು ಆಗುವುದಿಲ್ಲ. ನೀಲಮೆಹಿ ಸೊನ್ನೆ. ತೆಂಕಣ ದಿಬ್ಬಗಳು: ನೀಲಮೆಹಿ ಸೊನ್ನೆ.

ದಿಬ್ಬದ ಬಾಯಿ, ಎಡಗಡೆಯ ಚಾಚುಬಂಡೆಯ ಕೆಳಗೆ: ಹವಳ ಅರ್ಧಕ್ಕಿಂತ ಹೆಚ್ಚು ಬದುಕಿದೆ. ನೀರು ಎರಡು ಡಿಗ್ರಿ ತಣ್ಣಗಿದೆ. ಜಾಗ ಸರಿಯಾಗಿತ್ತು, ಮೇಡಂ. ನಾವು ಪುಸ್ತಕ ನೋಡಿ ಆರಿಸಿದ್ದರೂ ಅದನ್ನೇ ಆರಿಸುತ್ತಿದ್ದೆವು. ಆರು ದಿನ, ದಿನಕ್ಕೆ ಮೂರು ಸಲ ಮುಳುಗಿದೆ. ಮೊದಲ ದಿನ ದೊಡ್ಡ ಮೀನುಗಳು ಸುತ್ತುತ್ತಿದ್ದವು, ಆಮೇಲೆ ಅವೂ ಇರಲಿಲ್ಲ. ನೀಲಮೆಹಿ ಸೊನ್ನೆ.

ಬೊಡುಕಾಕಾ ಅವರಿಗೂ ಇದನ್ನೇ ಹೇಳಿದೆ. ಅವರು, ‘ನಿಂಗೆ ಸುಳ್ಳು ಹೇಳಕ್ಕೆ ಬರಲ್ಲ ಕಣಮ್ಮಾ. ಅದಕ್ಕೇ ಅವತ್ತು ನಿನ್ನ ಕಾಗದ ಓದಿಸಿದ್ದು’ ಎಂದರು.

ವರದಿಯಲ್ಲಿ ಸೊನ್ನೆ ಎಂದೇ ಹಾಕಿ. ಮುಂದಿನ ತಿಂಗಳೂ ಮುಳುಗಿ ಎಣಿಸುತ್ತೇನೆ.

ವಿಧೇಯ ವಿದ್ಯಾರ್ಥಿನಿ
ಸನ್ಫಾ

*

ಮಲಿಕು
ಹಿತ, ಐದನೇ ದಿನ (ಅಮ್ಮನನ್ನು ಕೇಳಿ ಕಲಿತೆ. ನಿನಗೆ ಅಕ್ಟೋಬರ್ 11)

ನನ್ನ ಇದ್ರೀಸ್,

ಇವೆ! ಇವೆ, ಇವೆ, ಇವೆ!

ಮೊದಲ ಸಲ ಮುಳುಗಿದಾಗಲೇ ಕಂಡವು. ನೀನು ಹೇಳಿದ ಎಡಗಡೆಯ ಬಂಡೆ, ಅದರ ಕೆಳಗೆ ಹವಳ ಕಂದು ಬಣ್ಣಕ್ಕೆ ಎಷ್ಟು ಚೆನ್ನಾಗಿ ಬೆಳೆದಿದೆ ಗೊತ್ತಾ! ಅದರೊಳಗಿಂದ ನಿನ್ನ ನೀಲಮೆಹಿಗಳು ಒಟ್ಟಿಗೆ ಹೊರಗೆ ಬಂದವು. ನಾನು ಎಣಿಸಲು ಹೋಗಿ ಮುನ್ನೂರಕ್ಕೆ ಸೋತೆ, ನಿನಗಿಂತ ನೂರು ಹೆಚ್ಚು. ಮರಿಗಳೂ ಇವೆ, ಅಕ್ಕಿಕಾಳಿನಷ್ಟು. ನೀನು ತಂದು ಬಿಟ್ಟವಲ್ಲ ಅವು, ಅಲ್ಲೇ ಹುಟ್ಟಿದವು. ಆರು ದಿನದಿಂದ ದಿನಾ ಹೋಗುತ್ತಿದ್ದೇನೆ. ಸುಮ್ಮನೆ ನೋಡುತ್ತ ಉಸಿರು ಕಟ್ಟುವವರೆಗೆ ಅಲ್ಲೇ ಇರುತ್ತೇನೆ.

ಎಲ್ಲರಿಗೂ ಹೇಳುತ್ತಿದ್ದೇನೆ. ಬೊಡುಕಾಕಾ ಕೇಳಿ, ‘ನಿಂಗೆ ಸುಳ್ಳು ಹೇಳಕ್ಕೆ ಬರಲ್ಲ ಕಣಮ್ಮಾ’ ಎಂದರು. ಅಮ್ಮ ನಿನ್ನ ತಟ್ಟೆಯನ್ನು ತೊಳೆದು ಇಟ್ಟಿದ್ದಾಳೆ, ಹತ್ತಿರ ಬಂದು ಬಡಿಸುತ್ತಾಳೆ, ನಾನು ನೋಡಿಕೊಳ್ಳುತ್ತೇನೆ.

ಆ ಸಾಲಿನ ಬಗ್ಗೆ ನಾನು ಬರೆಯುವುದಿಲ್ಲ. ಬರೆದು ಬರೆದೇ ಅಲ್ಲವೇ ಇಷ್ಟಾದದ್ದು. ನೀನು ಬಾ, ಎದುರಿಗೆ ಕೂರು, ನನ್ನ ದನಿಯಲ್ಲಿ ನಿನಗೆ ಬೇರೆ ಮಾತು ಹೇಳಬೇಕಾಗಿದೆ. ಹದಿನಾಲ್ಕು ತಿಂಗಳಲ್ಲಿ ಒಂದು ತಿಂಗಳು ಆಗಲೇ ಮುಗಿಯಿತು.

ನಿನ್ನ ಮೀನುಗಳು ಚೆನ್ನಾಗಿವೆ, ಇದ್ರೀಸ್. ಎಷ್ಟು ನೀಲಿ ಗೊತ್ತಾ! ಹತ್ತಿರ ಹೋದರೂ ಹೆದರುವುದಿಲ್ಲ. ಕೈ ಚಾಚಿದರೆ ಬೆರಳಿನ ಸುತ್ತ ಬರುತ್ತವೆ.

ಸನ್ಫಾ